ಏಳು ವರ್ಷದ ಪಾಲಿಸಿ, ಅಮ್ಮನ ಕಣ್ಣಿನ ಇಂಜೆಕ್ಷನ್

ಇಡೀ ಮನೆಗೆ ಒಂದೇ ಆರೋಗ್ಯ ವಿಮೆಯಾಗುವ ಈ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಮಾಡಿಸಿ ಏಳು ವರ್ಷ ಆಯ್ತು. ಅಪ್ಪನ ಹರ್ನಿಯಾ ಆಪರೇಷನ್ ಕ್ಯಾಶ್‌ಲೆಸ್ ಆಗಿ ಸಲೀಸಾಗಿ ಮುಗಿದಿತ್ತು. ಆ ಖುಷಿಯಲ್ಲಿ ಮೂವರು ಸ್ನೇಹಿತರಿಗೂ ಇದನ್ನೇ ಮಾಡಿಸಿದ್ದೆ. ಈಗ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೇನೆ.

ಹೋದ ವರ್ಷ ಅಮ್ಮನಿಗೆ ಕಿಟಕಿ ಸರಳು ಡೊಂಕಾಗಿ ಕಾಣತೊಡಗಿತು. ವಯಸ್ಸಿಗೆ ಬರುವ ರೆಟಿನಾ ತೊಂದರೆ ಅಂದರು. ಅಂದಿನಿಂದ ದಿನಾ ಬೆಳಿಗ್ಗೆ ಹಾಲು ಕಾಯಲು ಇಟ್ಟು, ಅಂಗೈಯಲ್ಲಿ ಎಡಗಣ್ಣು ಮುಚ್ಚಿ, ಫ್ರಿಜ್ ಮೇಲೆ ಅಂಟಿಸಿದ ಚೌಕುಳಿ ಕಾಗದ ನೋಡುತ್ತಾರೆ. ಗೆರೆ ನೆಟ್ಟಗಿದ್ದರೆ "ಇವತ್ತು ಪರವಾಗಿಲ್ಲ ಕಣೋ" ಅನ್ನುತ್ತಾರೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಡಾಕ್ಟರ್ ಕಣ್ಣಿಗೆ ಕೊಟ್ಟಿದ್ದು ಬೆವಾಸಿಜುಮ್ಯಾಬ್. ಇದು ಕ್ಯಾನ್ಸರ್ ಔಷಧಿಯಾಗಿ ಅನುಮತಿ ಪಡೆದದ್ದು, ಕಣ್ಣಿಗೆ ಕೊಡುವುದು ಆಫ್-ಲೇಬಲ್, ಅಂದರೆ ಅನುಮತಿಯಲ್ಲಿ ಹೇಳಿರದ ಬಳಕೆ. ಕಣ್ಣಿಗೆಂದೇ ಇರುವ ರಾನಿಬಿಜುಮ್ಯಾಬ್ ಇದರ ಹಲವು ಪಟ್ಟು ದುಬಾರಿ. ನಮ್ಮ ಜೇಬು ನೋಡಿಯೇ ಡಾಕ್ಟರ್ ಅಗ್ಗದ್ದನ್ನು ಹೇಳಿದರು. ಕ್ಲೇಮ್ ರಿಜೆಕ್ಟ್! "ಈ ಕಾಯಿಲೆಗೆ ಅನುಮತಿ ಇಲ್ಲದ ಔಷಧಿ, ಸಾಬೀತಾಗದ ಚಿಕಿತ್ಸೆ" ಅಂತ ಎರಡು ಸಾಲು. ದುಬಾರಿಯದ್ದು ಹಾಕಿಸಿದ್ದರೆ ಪಾಸಾಗುತ್ತಿತ್ತು ಅಂತ ಕಾಲ್ ಸೆಂಟರ್ ಹುಡುಗನೇ ಬಾಯಿಬಿಟ್ಟ.

ಏಳು ವರ್ಷದಲ್ಲಿ ಮೊದಲ ಸಲ ಪಾಲಿಸಿ ಪುಸ್ತಕ ಪೂರ್ತಿ ಓದಿದೆ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2019ರಲ್ಲಿ ಕೊಟ್ಟ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಪುಸ್ತಕದ ಪ್ರಕಾರ ಸಾಬೀತಾಗದ ಚಿಕಿತ್ಸೆ ಅಂದರೆ, ಕೆಲಸ ಮಾಡುತ್ತದೆ ಅನ್ನೋದಕ್ಕೆ ಸಾಕಷ್ಟು ವೈದ್ಯಕೀಯ ದಾಖಲೆ ಇಲ್ಲದ್ದು. ಅಲ್ಲಿ ಲೇಬಲ್ ಸುದ್ದಿಯೇ ಇಲ್ಲ. ದಾಖಲೆಗೇನು ಬರ, ಅಲ್ವಾ? ಇದೇ ಕಾಯಿಲೆಯಲ್ಲಿ ಎರಡೂ ಔಷಧಿಗಳನ್ನು ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲೇ ಬಂದಿದೆ. ತಿಂಗಳಿಗೊಮ್ಮೆ ಕೊಟ್ಟಾಗ ದೃಷ್ಟಿ ಸುಧಾರಿಸಿದ್ದು ಎರಡರಲ್ಲೂ ಸಮ. ಡಾಕ್ಟರ್ ಅದನ್ನೇ ಬರೆದು ಪತ್ರ ಕೊಟ್ಟರು, ನಾನು ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ವಿಮೆಯ ದೂರು ಕೇಳುವ ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗೋದು ಅಂತಿದ್ದೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.

ಅಷ್ಟು ದೂರ ಹೋಗಲಿಲ್ಲ. ಕಂಪನಿಯ ಒಬ್ಬ ಮೇಡಂ ತಾವಾಗೇ ಫೋನ್ ಮಾಡಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಡೇ-ಕೇರ್ (ಅದೇ ದಿನ ಮುಗಿಯುವ ಚಿಕಿತ್ಸೆ) ಅಂತ ಬರೆಸಿ ಕಳಿಸಿ ಅಂದರು. ಅಮ್ಮನ ಕಣ್ಣು ಹೇಗಿದೆ ಅಂತಲೂ ಕೇಳಿದರು. ಸಿಟ್ಟು ಅರ್ಧ ಅಲ್ಲೇ ಇಳಿಯಿತು. 19ನೇ ದಿನ ದುಡ್ಡು ಬಂತು.

ರಿನ್ಯೂ ಮಾಡಿದ್ದೇನೆ. 68ರ ಅಮ್ಮನನ್ನು ಬೇರೆ ಕಂಪನಿ ಸೇರಿಸಿಕೊಳ್ಳಬೇಕಲ್ಲ! ಐದಕ್ಕೆ ಎರಡೂವರೆ ಸ್ಟಾರ್, ಅದರಲ್ಲಿ ಒಂದು ಆ ಮೇಡಂಗೆ. ಮೊನ್ನೆ ಎರಡನೇ ಇಂಜೆಕ್ಷನ್ ಬಿಲ್ ಹಾಕಿದೆ. ಮತ್ತೆ ಅದೇ ಎರಡು ಸಾಲು ಬಂತು. ಡಾಕ್ಟರ್ ಪತ್ರದ ಹತ್ತು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ.