ನೆಲದಡಿಯ ಕೊಳವೆ, ಕೇಬಲ್‌ಗಳ ಸಮೀಕ್ಷೆ: ಸೇವೆಯೊಂದರ ವಿಮರ್ಶೆ

ಹಳೆಯ ಕಟ್ಟಡವನ್ನು ಕೆಡವಿದ ನಿವೇಶನದಲ್ಲಿ ನೆಲದಾಳಕ್ಕೆ ಕಂಬಗಳನ್ನು ಇಳಿಸುವ ಪೈಲ್ ಅಡಿಪಾಯ ಹಾಕುವ ಮೊದಲು, ನೆಲದಡಿಯಲ್ಲಿ ಏನೇನು ಹಾದುಹೋಗಿದೆ ಎಂದು ತಿಳಿಯಲು ನಾವು ಸಮೀಕ್ಷಾ ತಂಡವೊಂದನ್ನು ಕರೆಸಿದ್ದೆವು. ನಮ್ಮಲ್ಲಿದ್ದ ಹಳೆಯ ನಕ್ಷೆಯಲ್ಲಿ ನೀರಿನ ಕೊಳವೆ ಗಡಿಗೋಡೆಯ ಪಕ್ಕದಲ್ಲಿ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗೆ ಹೋಗಿತ್ತು. ಅಷ್ಟು ನೆಟ್ಟಗಿನ ಕೊಳವೆಗಳು ಕಾಗದದ ಮೇಲಷ್ಟೇ ಇರುತ್ತವೆ. ತಂಡದವರು ಸ್ಥಳದಲ್ಲಿ ಮಾಡಿದ ಕೆಲಸ ನನಗೆ ತೃಪ್ತಿ ಕೊಟ್ಟಿತು. ಆದರೆ ಕೊನೆಗೆ ಕೈಸೇರಿದ ನಕ್ಷೆಯ ಬಗ್ಗೆ ಅದೇ ಮಾತನ್ನು ಹೇಳಲಾರೆ.

ಮೊದಲ ದಿನ ಬೆಳಿಗ್ಗೆ ಅವರು ಯಂತ್ರಗಳನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಮ್ಯಾನ್‌ಹೋಲ್ ಮುಚ್ಚಳಗಳನ್ನು ಎತ್ತಿ, ಕೊಳವೆಗಳ ದಿಕ್ಕು, ವ್ಯಾಸ ಮತ್ತು ತಳದ ಆಳವನ್ನು ಅಳೆದು ಬರೆದುಕೊಂಡರು. ಆಮೇಲೆ ನೆಲದಡಿಯ ಕೇಬಲನ್ನು ಹುಡುಕುವ ಯಂತ್ರ, ಕೇಬಲ್ ಲೊಕೇಟರ್ ಬಂತು. ವಿದ್ಯುತ್ ಹರಿಯುತ್ತಿರುವ ಕೇಬಲನ್ನು ಅದರದೇ 50 ಹರ್ಟ್ಸ್ ಸಂಕೇತದಿಂದ ಪತ್ತೆ ಹಚ್ಚಬಹುದು. ಲೋಡ್ ಇಲ್ಲದ, ಅಂದರೆ ವಿದ್ಯುತ್ ಹರಿಯದ ಕೇಬಲ್ ಮಾತ್ರ ಈ ವಿಧಾನಕ್ಕೆ ಬಾಯಿಬಿಡುವುದಿಲ್ಲ. ಆದ್ದರಿಂದ ಅವರು ಕೇಬಲಿಗೆ ಕ್ಲ್ಯಾಂಪ್ ಹಾಕಿ, ಟ್ರಾನ್ಸ್‌ಮಿಟರಿನಿಂದ 33 ಕಿಲೋಹರ್ಟ್ಸ್ ಸಂಕೇತವನ್ನು ಹಾಯಿಸಿದರು. ಯಂತ್ರದ ಒಂದು ವಿಧಾನದಲ್ಲಿ ಕೇಬಲಿನ ನೇರ ಮೇಲೆ ಸಂಕೇತ ಅತಿ ಹೆಚ್ಚಾಗಿ ಕೇಳಿಸಬೇಕು, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಪೂರ್ತಿ ಅಡಗಬೇಕು. ಒಂದೆಡೆ ಈ ಎರಡು ಜಾಗಗಳಿಗೂ ಸುಮಾರು ಒಂದು ಅಡಿ ಅಂತರ ಕಂಡಾಗ, ಯಂತ್ರ ಹಿಡಿದಿದ್ದವರು ನೆಲಕ್ಕೆ ಗುರುತಿನ ಬಣ್ಣ ಬಳಿಯದೆ ಅಲ್ಲೇ ನಿಂತರು. ಪಕ್ಕದಲ್ಲಿ ಇನ್ನೊಂದು ಕೇಬಲ್ ಇದ್ದು, ಸಂಕೇತ ಅದಕ್ಕೂ ಹಾರಿದೆ ಎಂಬುದು ಅದರ ಅರ್ಥ. ಅವರು ಹೀಗೆ ಹಾರುವುದು ಕಡಿಮೆಯಿರುವ ಕೆಳಗಿನ ಆವರ್ತನಕ್ಕೆ ಇಳಿದು ಮತ್ತೆ ನಡೆದರು, ಎರಡು ಕೇಬಲ್‌ಗಳೂ ಬೇರೆಬೇರೆಯಾಗಿ ಸಿಕ್ಕವು. ಈ ಸೇವೆಗೆ ಕೊಟ್ಟ ಹಣ ನನ್ನ ಲೆಕ್ಕದಲ್ಲಿ ಆ ಹತ್ತು ನಿಮಿಷಗಳಲ್ಲೇ ವಸೂಲಾಯಿತು.

ಪ್ಲಾಸ್ಟಿಕ್ ಕೊಳವೆಗೆ ವಿದ್ಯುತ್ ಸಂಕೇತ ಹತ್ತುವುದಿಲ್ಲವಾದ್ದರಿಂದ ಅದಕ್ಕೆ ನೆಲ ಭೇದಿಸುವ ರೇಡಾರನ್ನು ತಳ್ಳುಗಾಡಿಯಲ್ಲಿ ಸಾಲುಸಾಲಾಗಿ ಓಡಿಸಿದರು. ಗಾಡಿ ಕೊಳವೆಯನ್ನು ಅಡ್ಡ ದಾಟಿದಾಗಲೆಲ್ಲ ಪರದೆಯ ಮೇಲೆ ಕವುಚಿಟ್ಟ ಬಟ್ಟಲಿನಂಥ ಕಮಾನು ಮೂಡುತ್ತಿತ್ತು. ಅಲೆ ಹೋಗಿಬರುವ ಸಮಯದಿಂದ ಆಳವನ್ನು ಲೆಕ್ಕ ಹಾಕುವುದರಿಂದ, ಮಣ್ಣಿನಲ್ಲಿ ಅಲೆಯ ವೇಗ ಎಷ್ಟೆಂಬ ಅಂದಾಜು ತಪ್ಪಿದರೆ ಆಳವೂ ತಪ್ಪುತ್ತದೆ. ನಿವೇಶನದ ಹಿಂಭಾಗದಲ್ಲಿ ಒದ್ದೆ ಜೇಡಿಮಣ್ಣು ಇತ್ತು. ಅಲ್ಲಿ ಒಂದು ಮೀಟರಿನ ಕೆಳಗೆ ಪರದೆ ಬರಿದಾಗಿತ್ತು. ಇಲ್ಲಿ ನಮಗೆ ಕಾಣುತ್ತಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಪ್ರಾಮಾಣಿಕತೆ ನಕ್ಷೆಯವರೆಗೆ ಬರಲಿಲ್ಲವೆಂಬುದೇ ನನ್ನ ದೂರು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಎಎಸ್‌ಸಿಇ 38 ಮಾನದಂಡ ಇಂಥ ಮಾಹಿತಿಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ: ದಾಖಲೆಯಿಂದ ಮಾತ್ರ ತಿಳಿದದ್ದು ಡಿ, ನೆಲದ ಮೇಲೆ ಕಾಣುವ ಗುರುತುಗಳನ್ನು ಅಳೆದು ಹೊಂದಿಸಿದ್ದು ಸಿ, ಯಂತ್ರದಿಂದ ಪತ್ತೆಯಾದದ್ದು ಬಿ, ಅಗೆದು ಕಣ್ಣಾರೆ ಕಂಡು ಅಳೆದದ್ದು ಎ. ಬ್ರಿಟನ್ನಿನ ಪಾಸ್ 128 ಎಂಬ ಮಾನದಂಡ ಕೂಡ ಇದೇ ಬಗೆಯ ವಿಂಗಡಣೆಯನ್ನು ಬೇಡುತ್ತದೆ. ನಮಗೆ ಬಂದ ನಕ್ಷೆಯಲ್ಲಾದರೋ ಹಳೆಯ ಕಾಗದದಿಂದ ನಕಲು ಮಾಡಿದ ಗೆರೆಗೂ ಗುಂಡಿ ತೋಡಿ ಖಚಿತಪಡಿಸಿಕೊಂಡ ಗೆರೆಗೂ ಒಂದೇ ದಪ್ಪ, ಕಂಪ್ಯೂಟರ್ ನಕ್ಷೆಯ ಒಂದೇ ಲೇಯರ್ (ಪದರ). ಜೇಡಿಮಣ್ಣಿನ ಭಾಗ ಖಾಲಿ ಬಿಳಿಯಾಗಿತ್ತು. ಅಗೆಯುವ ಯಂತ್ರದ ಚಾಲಕ ಅದನ್ನು ‘ಇಲ್ಲಿ ಏನೂ ಇಲ್ಲ’ ಎಂದೇ ಓದುತ್ತಾನೆ.

ಆಳದ ಅಂಕಿಗಳಲ್ಲೂ ಗೊಂದಲವಿತ್ತು. ಲೊಕೇಟರ್ ಹೇಳುವುದು ಸ್ಥೂಲವಾಗಿ ಕೊಳವೆಯ ನಡುವಿನ ಆಳ, ರೇಡಾರ್ ತೋರಿಸುವುದು ಅದರ ನೆತ್ತಿ, ಮ್ಯಾನ್‌ಹೋಲಿನಲ್ಲಿ ಅಳೆದದ್ದು ಒಳತಳ. 300 ಮಿಲಿಮೀಟರ್ ಕೊಳವೆಯಲ್ಲಿ ನೆತ್ತಿಗೂ ನಡುವಿಗೂ 150 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಯಾವ ಅಂಕಿ ಯಾವುದರದೆಂದು ನಕ್ಷೆಯ ಯಾವ ಮೂಲೆಯಲ್ಲೂ ಬರೆದಿರಲಿಲ್ಲ.

ಎರಡು ಸಲ ಪತ್ರ ಬರೆದು, ಹತ್ತು ದಿನ ಕಾದ ಮೇಲೆ ತಿದ್ದಿದ ನಕ್ಷೆ ಬಂತು. ದರ್ಜೆಗೊಂದು ಲೇಯರ್, ಆಳದ ಪಕ್ಕದಲ್ಲಿ ನೆತ್ತಿ ಅಥವಾ ನಡು ಎಂಬ ಗುರುತು, ಜೇಡಿಮಣ್ಣಿನ ಭಾಗದ ಮೇಲೆ ಓರೆಗೆರೆಗಳು, ಎಲ್ಲವೂ ಅದರಲ್ಲಿದ್ದವು. ಇದೇ ತಂಡವನ್ನು ಮತ್ತೆ ಕರೆಯುತ್ತೇನೆ, ಆದರೆ ಈ ಮೂರೂ ಷರತ್ತುಗಳನ್ನು ಕೆಲಸದ ಆದೇಶದಲ್ಲೇ ಬರೆದು ಸಹಿ ಹಾಕಿಸಿಕೊಂಡು. ಓರೆಗೆರೆಗಳ ಜಾಗದಲ್ಲಿ ನಾವು ಪೈಲ್ ಯಂತ್ರವನ್ನು ಇಳಿಸುವ ಮೊದಲು ಕೈಯಿಂದಲೇ ಅಗೆಸಿದೆವು. ಒಂದೂವರೆ ಮೀಟರಿನಲ್ಲಿ, ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಮಣ್ಣಿನ ಚರಂಡಿ ಕೊಳವೆಯೊಂದು ಸಿಕ್ಕಿತು.