ಬೆಟ್ಟದ ಬುಡದಲ್ಲಿ ಖಾಲಿ, ಬೆಟ್ಟದ ತುದಿಯಲ್ಲಿ ಫುಲ್: ಪ್ಲಗ್-ಇನ್ ಹೈಬ್ರಿಡ್ ಗಾಡಿಯಲ್ಲಿ ಆಫ್‌ರೋಡ್ ಹೊರಟವರು ಇದನ್ನು ಓದಿ

ಪ್ಲಗ್-ಇನ್ ಹೈಬ್ರಿಡ್ ಫೋರ್‌ ಬೈ ಫೋರ್ ಗಾಡಿಯನ್ನು (ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿ, ಮೋಟಾರ್ ಇರುವ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ಬೆಟ್ಟ, ಮರಳು, ಹಳ್ಳ ಅಂತ ಹೊರಟಿದ್ದೀರಾ? ಕೀ ಕೊಡುವವರು "ಹೈಬ್ರಿಡ್ ಮೋಡ್‌ನಲ್ಲೇ ಬಿಟ್ಟುಬಿಡಿ ಸರ್, ಮಿಕ್ಕಿದ್ದನ್ನ ಗಾಡಿನೇ ನೋಡ್ಕೊಳ್ಳತ್ತೆ" ಅಂದರೆ ತಲೆಯಾಡಿಸಿ, ಆದರೆ ನಂಬಬೇಡಿ. ನಮಗೂ ಇದನ್ನೇ ಹೇಳಿ ಕಳಿಸಿದ್ದರು. ಕಂಪನಿಯ ಹೆಸರು ಬರೆಯುವುದಿಲ್ಲ. ಗಾಡಿ ಮಾರುವವರ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ, ಹಾಗಾಗಿ ಒಬ್ಬರನ್ನೇ ಬೈದು ಉಪಯೋಗವಿಲ್ಲ.

ನಾವು ಎರಡು ಗಾಡಿ ತೆಗೆದುಕೊಂಡಿದ್ದೆವು, ಎರಡೂ ಒಂದೇ ಮಾಡೆಲ್. ಒಂದರಲ್ಲಿ ನಮ್ಮ ಮನೆಯವರು, ಇನ್ನೊಂದರಲ್ಲಿ ನನ್ನ ಭಾವನ ಮನೆಯವರು. ಹೊರಡುವಾಗ ಎರಡೂ ಫುಲ್ ಚಾರ್ಜ್. ಪರದೆಯ ಮೇಲೆ 40 ಕಿ.ಮೀ. ಚಿಲ್ಲರೆ ಬ್ಯಾಟರಿಯಲ್ಲೇ ಓಡುತ್ತದೆ ಅಂತ ತೋರಿಸುತ್ತಿತ್ತು. ಮಣ್ಣಿನ ದಾರಿ ಇದ್ದದ್ದು ಅದಕ್ಕಿಂತ ತುಂಬಾ ಕಡಿಮೆ. ಲೆಕ್ಕದಲ್ಲಿ ಎಲ್ಲ ಸರಿ ಇತ್ತು, ಅಲ್ವಾ?

ಇಲ್ಲ. ಮಣ್ಣಿನ ದಾರಿಗೆ ಮುಂಚೆ ಉದ್ದದ ಹೆದ್ದಾರಿ ಇತ್ತು. ಹೈಬ್ರಿಡ್ ಮೋಡ್‌ನ ಬುದ್ಧಿ ಇಷ್ಟೇ: ಬ್ಯಾಟರಿ ಇರುವ ತನಕ ಅದನ್ನು ಮೊದಲು ಬಳಸು, ಪೆಟ್ರೋಲ್ ಉಳಿಸು. ದಿನಾ ಆಫೀಸಿಗೆ ಹೋಗಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿ ಇಲ್ಲ. ಆದರೆ ಮುಂದೆ ಮರಳಿದೆ, ಆಮೇಲೆ ಕಲ್ಲಿನ ಏರಿದೆ ಅಂತ ಗಾಡಿಗೆ ಹೇಗೆ ಗೊತ್ತಾಗಬೇಕು? ನ್ಯಾವಿಗೇಶನ್‌ನಲ್ಲಿ ದಾರಿ ಹಾಕಿದರೆ ಬ್ಯಾಟರಿಯನ್ನು ಹಂಚಿಕೊಂಡು ಬಳಸುವ ಗಾಡಿಗಳೂ ಇವೆ. ಆದರೆ ನಕ್ಷೆಯಲ್ಲೇ ಇಲ್ಲದ ಮಣ್ಣಿನ ಜಾಡಿಗೆ ಅದೂ ಕೈಕೊಡುತ್ತದೆ. ನಾವು ಹೆದ್ದಾರಿ ಬಿಟ್ಟು ಪಕ್ಕಕ್ಕೆ ತಿರುಗುವ ಹೊತ್ತಿಗೆ ಎರಡೂ ಗಾಡಿಗಳ ಬ್ಯಾಟರಿ ಹೆಚ್ಚುಕಡಿಮೆ ತಳ ಕಂಡಿತ್ತು.

"ಪೆಟ್ರೋಲ್ ಇದೆಯಲ್ಲ, ಏನೀಗ?" ಅಂದರು ಭಾವ. ಮೇಲ್ನೋಟಕ್ಕೆ ಅದು ಸರಿಯೇ. ಬ್ಯಾಟರಿ ಮುಗಿದರೂ ಗಾಡಿ ನಿಲ್ಲುವುದಿಲ್ಲ, ಪೆಟ್ರೋಲ್ ಗಾಡಿಯ ಹಾಗೆ ಓಡುತ್ತದೆ. ಸಮಸ್ಯೆ ಇರುವುದು ಬೇರೆ ಕಡೆ. ಎಲೆಕ್ಟ್ರಿಕ್ ಮೋಟಾರ್ ನಿಂತ ಜಾಗದಿಂದಲೇ ಪೂರ್ತಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಬಂಡೆ ಮೇಲೆ ಚಕ್ರ ಇಟ್ಟು ಇಂಚಿಂಚಾಗಿ ಹತ್ತಿಸುವಾಗ ಅದರಷ್ಟು ನಾಜೂಕಿನ ಸಹಾಯ ಮತ್ತೊಂದಿಲ್ಲ. ಬ್ಯಾಟರಿ ತಳಕ್ಕೆ ಬಂದಾಗ ಆ ಸಹಾಯ ಪೂರ್ತಿ ಹೋಗುವುದೂ ಇಲ್ಲ, ಪೂರ್ತಿ ಸಿಗುವುದೂ ಇಲ್ಲ. ಎಂಜಿನ್ ಸ್ವಲ್ಪ ಚಾರ್ಜ್ ಮಾಡುತ್ತದೆ, ಮೋಟಾರ್ ಅದನ್ನು ಎರಡು ಕ್ಷಣಕ್ಕೆ ತಿಂದು ಹಾಕುತ್ತದೆ, ಮತ್ತೆ ಖಾಲಿ. ಕಲ್ಲಿನ ಮೆಟ್ಟಿಲಿನಂಥ ಜಾಗದಲ್ಲಿ ಆಕ್ಸಿಲರೇಟರನ್ನು ಒಂದೇ ಸಮ ಒತ್ತಿ ಹಿಡಿದಿದ್ದರೂ ಬಲ ನಡುವೆ ಕುಸಿಯಿತು. ಗಾಡಿ ಅರ್ಧ ಹತ್ತಿ ಹಿಂದಕ್ಕೆ ಜಾರಿತು. ಇನ್ನಷ್ಟು ಒತ್ತಿದರೆ ಎಂಜಿನ್ ಅರಚಿ, ಚಕ್ರ ಗರಗರ ತಿರುಗಿ, ಕಲ್ಲು ಹಿಂದಕ್ಕೆ ಹಾರಿತು. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಮೊದಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಹಿಂದಿನ ಚಕ್ರಗಳಿಗೆ ಮೋಟಾರ್ ಒಂದೇ ಗತಿ, ಎಂಜಿನ್‌ನಿಂದ ಹಿಂದಕ್ಕೆ ಶಾಫ್ಟೇ ಇಲ್ಲ ಅನ್ನುವ ಮಾಡೆಲ್‌ಗಳೂ ಇವೆ. ಅವುಗಳಲ್ಲಿ ಬ್ಯಾಟರಿ ತಳ ಕಂಡರೆ ಎಂಜಿನ್ ಆ ಹೊತ್ತಿಗೆ ಎಷ್ಟು ಕರೆಂಟ್ ಹುಟ್ಟಿಸುತ್ತದೋ ಹಿಂದಿನ ಚಕ್ರಕ್ಕೆ ಅಷ್ಟೇ ಬಲ. ನೀವು ತೆಗೆದುಕೊಳ್ಳುವುದು ಯಾವ ಬಗೆಯದು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಹೆಸರಿನಲ್ಲಿ ಫೋರ್‌ ಬೈ ಫೋರ್ ಇದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.

ಕೊನೆಗೆ ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಂದು, ಎಂಜಿನ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡ್‌ಗೆ ಹಾಕಿ ಕೂತೆವು. ನಿಂತ ಗಾಡಿಯಲ್ಲಿ ಇದು ಆಮೆ ವೇಗ. ಪೆಟ್ರೋಲ್ ಮುಳ್ಳು ಇಳಿಯುವುದು ಕಾಣುತ್ತದೆ, ಬ್ಯಾಟರಿ ಏರುವುದು ಕಾಣುವುದಿಲ್ಲ. ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿಗೆ ಜಾಗ ಮಾಡಲು ಇಂಥ ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಚಿಕ್ಕದು ಮಾಡಿರುತ್ತಾರೆ. ಉದಾಹರಣೆಗೆ ಜೀಪ್ ಕಂಪನಿಯ ನಾಲ್ಕು ಬಾಗಿಲಿನ ಪೆಟ್ರೋಲ್ ರಾಂಗ್ಲರ್ ಟ್ಯಾಂಕ್ ಸುಮಾರು 81 ಲೀಟರ್, ಅದೇ ಗಾಡಿಯ ಪ್ಲಗ್-ಇನ್ ಮಾಡೆಲ್‌ನದು ಸುಮಾರು 65 ಲೀಟರ್. ನಮಗೆ ಕೊಟ್ಟಾಗ ಟ್ಯಾಂಕ್ ಅರ್ಧ ಮಾತ್ರ ಇತ್ತು. ಕೇಳಿದ್ದಕ್ಕೆ "ಬ್ಯಾಟರಿ ಫುಲ್ ಇದೆಯಲ್ಲ ಸರ್" ಅನ್ನುವ ಉತ್ತರ.

ಈಗ ಆ 40 ಕಿ.ಮೀ. ವಿಷಯ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಟಾರು ರಸ್ತೆಯ ಸಂಖ್ಯೆ. ಗಾಡಿ ಈವರೆಗೆ ಹೇಗೆ ಓಡಿದೆ ಅನ್ನುವುದನ್ನು ನೋಡಿ ಅಂದಾಜು ಹೇಳುತ್ತದೆ. ಇಂಥ ಗಾಡಿಗಳ ಬ್ಯಾಟರಿ ದೊಡ್ಡದೇನಲ್ಲ. ರಾಂಗ್ಲರ್ ಪ್ಲಗ್-ಇನ್‌ನದು 17.3 ಯೂನಿಟ್, ಲ್ಯಾಂಡ್ ರೋವರ್ ಡಿಫೆಂಡರ್ ಪ್ಲಗ್-ಇನ್‌ನದು 19.2 ಯೂನಿಟ್. ಕರೆಂಟ್ ಬಿಲ್‌ನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಅದರಲ್ಲೂ ಒಂದು ಪಾಲನ್ನು ಬ್ಯಾಟರಿಯ ಬಾಳಿಕೆಗಾಗಿ ಮುಟ್ಟಲು ಬಿಡುವುದಿಲ್ಲ. ಕೈಗೆ ಸಿಗುವುದು 14–15 ಯೂನಿಟ್ ಅಂತ ಇಟ್ಟುಕೊಳ್ಳಿ.

ಜನ, ಸಾಮಾನು ಸೇರಿ ಗಾಡಿ 2,500 ಕೆ.ಜಿ. ತೂಗುತ್ತದೆ ಅನ್ನೋಣ. ಅದನ್ನು 500 ಮೀಟರ್ ಎತ್ತರಕ್ಕೆ ಏರಿಸಲು, ಬೇರೆ ಯಾವ ನಷ್ಟವೂ ಇಲ್ಲದಿದ್ದರೂ, 3.4 ಯೂನಿಟ್ ಬೇಕು. ಇದು ಬರೀ ಎತ್ತರದ ಲೆಕ್ಕ. ಮರಳು ಇನ್ನೂ ಕ್ರೂರಿ. ಒಳ್ಳೆಯ ಟಾರಿನ ಮೇಲೆ ಟೈರಿನ ಉರುಳು ತಡೆ ತೂಕದ ನೂರರಲ್ಲಿ ಒಂದು ಪಾಲಿನ ಆಸುಪಾಸು. ಸಡಿಲ ಮರಳಿನಲ್ಲಿ ಅದು ಹತ್ತರಲ್ಲಿ ಒಂದು ಪಾಲನ್ನು ಸುಲಭವಾಗಿ ದಾಟುತ್ತದೆ. ನೂರರಲ್ಲಿ 15 ಪಾಲು ಅಂತ ಹಿಡಿದರೆ ನಮ್ಮ ಗಾಡಿಗೆ ಕಿಲೋಮೀಟರಿಗೆ ಒಂದು ಯೂನಿಟ್ ಬೇಕು. ಫುಲ್ ಚಾರ್ಜ್ ಇದ್ದರೂ 15 ಕಿ.ಮೀ. ದಾಟುವುದಿಲ್ಲ.

ಹೊತ್ತಿನ ಖರ್ಚು ಬೇರೆ. ಕಲ್ಲಿನ ದಾರಿಯಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ತೆವಳುವಾಗ ಏಸಿ, ಫ್ಯಾನ್, ಪಂಪು ಎಲ್ಲ ಸೇರಿ 2 ಕಿಲೋವಾಟ್ ಎಳೆದರೆ ಮೂರು ಗಂಟೆಗೆ 6 ಯೂನಿಟ್ ಹೋಯಿತು, ಸಾಗಿದ್ದು 15 ಕಿ.ಮೀ. ಚಳಿ ಪ್ರದೇಶದಲ್ಲಿ ಹೀಟರ್ ಇದಕ್ಕಿಂತ ಜಾಸ್ತಿ ಎಳೆಯುತ್ತದೆ. ಜೊತೆಗೆ ತಣ್ಣಗಾದ ಬ್ಯಾಟರಿ ಪೂರ್ತಿ ಬಲ ಕೊಡುವುದಿಲ್ಲ, ಎಲೆಕ್ಟ್ರಿಕ್ ಮೋಡ್ ಒತ್ತಿದ್ದರೂ ಎಂಜಿನ್ ತಾನೇ ಚಾಲೂ ಆಗಬಹುದು. ಅದು ಕೆಟ್ಟಿದೆ ಅಂತ ಗಾಬರಿ ಬೇಡ. ದಪ್ಪ ಹಲ್ಲಿನ ಮಣ್ಣಿನ ಟೈರು, ಮೇಲೆ ಕ್ಯಾರಿಯರ್ ಇದ್ದರೆ ಹೆದ್ದಾರಿಯಲ್ಲೇ ರೇಂಜ್ ಕರಗುತ್ತದೆ.

ಹೇಗೋ ಮೇಲಕ್ಕೆ ತಲುಪಿದೆವು. ತಂಗುವ ಜಾಗದಲ್ಲಿ ಪ್ಲಗ್ ಇತ್ತು. ಏರಿನಲ್ಲಿ ಪಾಡು ಪಟ್ಟಿದ್ದರಿಂದ ಎಲ್ಲರದ್ದೂ ಒಂದೇ ಮಾತು, ರಾತ್ರಿಯಿಡೀ ಹಾಕಿ ಬೆಳಗ್ಗೆಗೆ 100 ಮಾಡಿಬಿಡೋಣ. ಬಾಡಿಗೆಯವರ ಸಹಾಯವಾಣಿಗೆ ಫೋನ್ ಮಾಡಿದಾಗಲೂ "ಫುಲ್ ಮಾಡಿಕೊಂಡೇ ಇಳಿಯಿರಿ" ಅಂದರು.

ಇದು ಏರಿನ ಪಾಡಿಗಿಂತ ಅಪಾಯದ್ದು. ಇಳಿಯುವಾಗ ಮೋಟಾರ್ ಜನರೇಟರ್ ಆಗಿ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ, ಹುಟ್ಟಿದ ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಹೋಗುವುದೆಲ್ಲಿಗೆ? ರೀಜನ್, ಅಂದರೆ ಮೋಟಾರಿನ ಈ ಹಿಡಿತ, ಬಂದ್. ಆಗ ಎಂಜಿನ್ ತಾನೇ ಚಾಲೂ ಆಗಿ ಗಾಡಿಯನ್ನು ಹಿಡಿಯುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ನಮ್ಮದು ಸುಮ್ನೆ ಉರುಳಿತು. ಎರಡೂವರೆ ಟನ್ ಭಾರ ಬರೀ ಬ್ರೇಕ್ ಪ್ಯಾಡ್ ಮೇಲೆ. ಮೂರನೇ ತಿರುವಿನ ಹೊತ್ತಿಗೆ ಸುಟ್ಟ ವಾಸನೆ. ಭಾವನ ಗಾಡಿಯ ಮುಂದಿನ ಚಕ್ರದಿಂದ ಹೊಗೆ, ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತಿತ್ತು. ನಿಲ್ಲಿಸಿ, ಬ್ರೇಕ್ ತಣ್ಣಗಾಗುವ ತನಕ ಕಾದು, ನಿಧಾನಕ್ಕೆ, ಹೆಚ್ಚು ಹಿಡಿತಕ್ಕೆ ಇರುವ ಲೋ ರೇಂಜ್ ಗೇರ್‌ಗೆ ಹಾಕಿ, ಎಲೆಕ್ಟ್ರಿಕ್ ಮೋಡ್ ತೆಗೆದು ಎಂಜಿನ್ ಹಿಡಿತದಲ್ಲೇ ಮಿಕ್ಕ ಇಳಿಜಾರು ಇಳಿದೆವು. ಅಕ್ಕ ಮಾತ್ರ ಆ ಗಾಡಿಗೆ ಮತ್ತೆ ಹತ್ತಲಿಲ್ಲ, ನಮ್ಮದರಲ್ಲಿ ಬಂದರು.

900 ಮೀಟರ್ ಇಳಿಜಾರು ಅಂದರೆ ಈ ತೂಕಕ್ಕೆ 6 ಯೂನಿಟ್ ಶಕ್ತಿ. ಅದರ ಅರ್ಧ ಮರಳಿ ಬಂದರೂ 3 ಯೂನಿಟ್, ಅಂದರೆ ಬ್ಯಾಟರಿಯಲ್ಲಿ ನೂರಕ್ಕೆ 20ರಷ್ಟು ಖಾಲಿ ಜಾಗ ಬೇಕು. ಮೇಲಿನಿಂದ ಹೊರಡುವಾಗ 70–75ರಲ್ಲಿದ್ದರೆ ಸಾಕು. ಮಿಕ್ಕಿದ್ದನ್ನು ಬೆಟ್ಟವೇ ಪುಕ್ಕಟೆ ಕೊಡುತ್ತದೆ.

ಏರುವ ದಿನಕ್ಕೆ ನನ್ನ ಸಲಹೆ ಒಂದೇ. ಬ್ಯಾಟರಿಯ ತೀರ್ಮಾನವನ್ನು ಹೆದ್ದಾರಿಗೆ ಹತ್ತುವ ಮೊದಲೇ ಮಾಡಿ. ಬ್ಯಾಟರಿ ಉಳಿಸುವ ಸೇವ್ ಮೋಡ್ ಇರುತ್ತದೆ, ಒಂದೊಂದು ಕಂಪನಿಯವರು ಒಂದೊಂದು ಹೆಸರು ಇಟ್ಟಿರುತ್ತಾರೆ. ಮನೆಯಿಂದ ಹೊರಟ ತಕ್ಷಣ ಅದನ್ನು ಒತ್ತಿ. ಕೆಲವು ಗಾಡಿಗಳು ಆಫ್ ಮಾಡಿ ಆನ್ ಮಾಡಿದ ಕೂಡಲೇ ಹೈಬ್ರಿಡ್ ಮೋಡ್‌ಗೆ ಮರಳುತ್ತವೆ. ಹಾಗಾಗಿ ಟೀ ಕುಡಿಯಲು ನಿಲ್ಲಿಸಿದರೂ ಹೊರಡುವಾಗ ಮತ್ತೆ ನೋಡಿ. ಬ್ಯಾಟರಿ ಈಗಾಗಲೇ ಕಡಿಮೆಯಿದ್ದರೆ ಚಾರ್ಜ್ ಮೋಡ್ ಹೆದ್ದಾರಿಯಲ್ಲೇ ಹಾಕಿ, ಎಂಜಿನ್ ಹೇಗೂ ಹದವಾಗಿ ಓಡುತ್ತಿರುತ್ತದೆ. ಪೆಟ್ರೋಲ್ ಜಾಸ್ತಿ ಹೋಗುತ್ತದೆ ನಿಜ, ಆದರೆ ಕಲ್ಲಿನ ನಡುವೆ ನಿಂತು ತುಂಬಿಸುವುದಕ್ಕಿಂತ ಎಷ್ಟೋ ಮೇಲು. ಪರದೆಯ ಕಿ.ಮೀ. ಮುಚ್ಚಿಬಿಡಿ, ಶೇಕಡಾ ಮಾತ್ರ ನೋಡಿ. ದಾರಿಯ ಮೊದಲ ಕಾಲು ಭಾಗಕ್ಕೆ ಎಷ್ಟು ಇಳಿಯಿತು ಅನ್ನುವುದೇ ನಿಜವಾದ ಮೀಟರ್.

ದಾರಿಯಲ್ಲಿ ಎಲ್ಲಾದರೂ ಫಾಸ್ಟ್ ಚಾರ್ಜರ್ ಸಿಗುತ್ತೆ ಬಿಡು ಅಂತ ಅಂದುಕೊಳ್ಳಬೇಡಿ. ಇಂಥ ಎಷ್ಟೋ ಗಾಡಿಗಳಿಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಸೌಲಭ್ಯವೇ ಇಲ್ಲ. 230 ವೋಲ್ಟಿನ ಸಾಮಾನ್ಯ ಪ್ಲಗ್‌ನಲ್ಲಿ 10 ಆಂಪಿಯರ್ ಎಳೆದರೆ ಗಂಟೆಗೆ 2.3 ಯೂನಿಟ್, ಖಾಲಿ ಬ್ಯಾಟರಿ ತುಂಬಲು ಏಳೆಂಟು ಗಂಟೆ.

ಗಾಡಿ ಹಿಂದಿರುಗಿಸಿದಾಗ ಬ್ರೇಕ್ ಪ್ಯಾಡ್ ಸುಟ್ಟಿದೆ ಅಂತ ನಮ್ಮ ಡೆಪಾಸಿಟ್ ಹಿಡಿದುಕೊಂಡರು. ಫುಲ್ ಮಾಡಿಕೊಂಡೇ ಇಳಿಯಿರಿ ಅಂತ ಹೇಳಿದ್ದು ಅವರದೇ ಸಹಾಯವಾಣಿ, ಆದರೆ ಅದು ಬಾಯಿಮಾತು, ನಮ್ಮ ಕೈಯಲ್ಲಿ ದಾಖಲೆ ಇಲ್ಲ. ನೀವು ಕೇಳುವುದಿದ್ದರೆ ಮೆಸೇಜಿನಲ್ಲಿ ಕೇಳಿ, ಉತ್ತರವನ್ನೂ ಮೆಸೇಜಿನಲ್ಲೇ ತರಿಸಿಕೊಳ್ಳಿ. ಗಾಡಿ ತೆಗೆದುಕೊಳ್ಳುವಾಗ ಬ್ಯಾಟರಿ ಶೇಕಡಾ, ಪೆಟ್ರೋಲ್ ಮುಳ್ಳು, ನಾಲ್ಕೂ ಚಕ್ರದ ಡಿಸ್ಕ್, ಚಾರ್ಜಿಂಗ್ ಕೇಬಲ್ ಇಷ್ಟರ ಫೋಟೋ ಅವರ ಮುಂದೆಯೇ ತೆಗೆಯಿರಿ.