ಮರಳು, ಮ್ಯಾಟ್, ಮರದ ನೆಲ: ಕಪೊಯೇರಾದ ಲಾಗ ಎಲ್ಲಿ ಕಲಿಯಬೇಕು?

ಸಾಲ್ವಡೋರ್‌ನ ತೆಹೇರೊ ಜಿ ಜೆಜೂಸ್ ಚೌಕದಲ್ಲಿ ಹುಡುಗರು ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಲಾಗ ಹಾಕುತ್ತಾರೆ. ಅದು ಕಪೊಯೇರಾ, ಹಾಡು ವಾದ್ಯದ ಜೊತೆ ಇಬ್ಬರು ಎದುರುಬದುರಾಗಿ ಆಡುವ ಬ್ರೆಜಿಲ್‌ನ ಕಾದಾಟದ ಕಲೆ. ಅದನ್ನು ನೋಡಿದ ದಿನವೇ ನಾನೂ ಕಲಿಯಬೇಕು ಅಂದುಕೊಂಡೆ. ಕೆಲಸದ ಮೇಲೆ ಬ್ರೆಜಿಲ್‌ನ ಆ ಊರಿನಲ್ಲಿ ಏಳು ತಿಂಗಳು ಇದ್ದೆ. ಆಗ ನನಗೆ 36 ವರ್ಷ. ಆ ಏಳು ತಿಂಗಳಲ್ಲಿ ಮೂರು ಕಡೆ ಕಲಿತೆ. ಮೊದಲು ಜಿಮ್ನಾಸ್ಟಿಕ್ಸ್ ಹಾಲಿನ ಮ್ಯಾಟ್ ಮೇಲೆ. ಆಮೇಲೆ ಪೋರ್ತು ದಾ ಬಾಹಾ ಕಡಲತೀರದ ಮರಳಿನಲ್ಲಿ. ಕೊನೆಗೆ ಸಾಂತು ಅಂತೋನಿಯು ಕಡೆಯ ಒಂದು ಹಳೇ ಮನೆಯಲ್ಲಿ, ಮರದ ನೆಲದ ಮೇಲೆ.

ಒಂದನ್ನೇ ಆರಿಸು ಅಂದರೆ ಮರದ ನೆಲ ಅನ್ನುತ್ತೇನೆ. ಆದರೆ ಎಲ್ಲ ಚಲನೆಗೂ ಅದೇ ಸರಿ ಅಂತ ಅಲ್ಲ. ಒಂದಕ್ಕಂತೂ ಮ್ಯಾಟ್ ಇಲ್ಲದೆ ಆಗುವುದಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಬ್ರೆಜಿಲ್‌ನಲ್ಲಿ ಪದದ ಮೊದಲಿಗೆ ಬರುವ ‘ರ’ ಅಕ್ಷರವನ್ನು ‘ಹ’ ಎಂದು ಹೇಳುತ್ತಾರೆ. ಆಟಗಾರರು ಸುತ್ತ ನಿಲ್ಲುವ ವೃತ್ತ ‘ಹೋದಾ’. ನೆಲಕ್ಕೆ ಹತ್ತಿರವಾಗಿ ಕೈ ಊರಿ ಸುತ್ತುವುದು ‘ಹೋಲೇ’. ಕೈ ಊರಿ ಪಕ್ಕಕ್ಕೆ ಚಕ್ರದ ಹಾಗೆ ತಿರುಗುವುದು ‘ಅಊ’. ಕುಕ್ಕರುಗಾಲಲ್ಲಿ ಕೂತು ಒಂದು ಕೈಯನ್ನು ಹಿಂದೆ ಊರಿ, ಸೊಂಟ ಎತ್ತಿ ಹಿಂದಕ್ಕೆ ದಾಟುವುದು ‘ಮಕಾಕು’, ಅಂದರೆ ಕೋತಿ. ಗುರುವನ್ನು ‘ಮೆಸ್ತ್ರಿ’ ಅನ್ನುತ್ತಾರೆ. ನಮ್ಮ ಗಾರೆ ಕೆಲಸದ ಮೇಸ್ತ್ರಿಯೂ ಇದೇ ಪೋರ್ಚುಗೀಸ್ ಪದದಿಂದ ಬಂದವನು. ಅದು ಗೊತ್ತಾದ ದಿನ ಆ ದೂರದ ಊರು ಸ್ವಲ್ಪ ಹತ್ತಿರ ಬಂದ ಹಾಗಾಯಿತು.

ಮೊದಲು ಹೋದದ್ದು ಜಿಮ್ನಾಸ್ಟಿಕ್ಸ್ ಹಾಲಿಗೆ. ಮೆತ್ತನೆ ನೆಲ, ದಪ್ಪ ಫೋಮ್, ಏರ್ ಕಂಡೀಶನ್. ಹೊಸಬರಿಗೆ ಇದೇ ಸುರಕ್ಷಿತ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಎರಡೇ ವಾರದಲ್ಲಿ ಅಊ ಬಂತು. ಕೈ ನೇರ, ಕಾಲು ನೇರ, ಕಣ್ಣು ನೆಲದ ಮೇಲೆ. ನೋಡಲು ಬಲು ಚೆಂದ.

ಆ ಅಊ ಹಿಡಿದುಕೊಂಡು ಒಂದು ಸಂಜೆ ‘ಹೋದಾ’ ವೃತ್ತಕ್ಕೆ ಇಳಿದೆ. ಕಾಲು ಮೇಲೆ ಹೋಗಿದ್ದಾಗಲೇ ಎದುರಿನವನ ತಲೆ ನನ್ನ ಹೊಟ್ಟೆಗೆ ಮೆಲ್ಲಗೆ ತಾಗಿತು. ಅದರ ಹೆಸರು ಕಬೆಸಾದಾ, ತಲೆಯಿಂದ ಕೊಡುವ ಗುದ್ದು. ಅವನು ತಾಗಿಸಿ ನಿಲ್ಲಿಸಿದ. ನೂಕಿದ್ದರೆ ನಾನು ಬೆನ್ನಡಿಯಾಗಿ ಬೀಳುತ್ತಿದ್ದೆ. ಕಪೊಯೇರಾದಲ್ಲಿ ಎದುರಿಗೆ ಸದಾ ಒಬ್ಬ ಇರುತ್ತಾನೆ. ಹಾಗಾಗಿ ಇಲ್ಲಿಯ ಅಊನಲ್ಲಿ ಕಣ್ಣು ನೆಲದ ಮೇಲಲ್ಲ, ಅವನ ಮೇಲಿರಬೇಕು. ಹೊಸಬರು ಮೊಣಕಾಲು ಮಡಚಿ ಎದೆಗೆ ಹತ್ತಿರ ಇಟ್ಟುಕೊಳ್ಳಬೇಕು. ಆಗ ಹೊಟ್ಟೆ ಮುಚ್ಚಿರುತ್ತದೆ, ಬಿದ್ದರೂ ಎತ್ತರ ಕಡಿಮೆ. ಹಾಲಿನಲ್ಲಿ ಕಲಿತ ಚೆಂದದ ನೇರ ಗೆರೆಯನ್ನು ಬಿಡಿಸಿಕೊಳ್ಳಲು ನನಗೆ ಒಂದೂವರೆ ತಿಂಗಳು ಬೇಕಾಯಿತು.

ಮೆಸ್ತ್ರಿ ಬಿಂಬಾ 1930ರ ದಶಕದಲ್ಲಿ ತಮ್ಮ ಪದ್ಧತಿಯನ್ನು ಕಟ್ಟಿದಾಗ ಹೊಸಬರಿಗಾಗಿ ಎಂಟು ಸೀಕ್ವೆನ್ಸ್ ಮಾಡಿಟ್ಟರು. ಇಬ್ಬರು ಸೇರಿ ಮಾಡುವ ಪಾಠ ಅದು. ಒಬ್ಬ ಅಊ ಮಾಡುತ್ತಾನೆ, ಇನ್ನೊಬ್ಬ ಕಬೆಸಾದಾ ಕೊಡುತ್ತಾನೆ, ಮೊದಲಿನವನು ಹೋಲೇ ಮಾಡಿ ತಪ್ಪಿಸಿಕೊಳ್ಳುತ್ತಾನೆ. ಅಊ ಕಲಿಸುವಾಗಲೇ ಅದರ ಅಪಾಯವನ್ನೂ ಪಾರಾಗುವ ದಾರಿಯನ್ನೂ ಸೇರಿಸಿಯೇ ಕಲಿಸಿದ್ದರು. ಇದು ನನಗೆ ಮೊದಲೇ ಗೊತ್ತಿದ್ದರೆ ಹಾಲಿಗೆ ಅಊ ಕಲಿಯಲು ಹೋಗುತ್ತಲೇ ಇರಲಿಲ್ಲ.

ಇನ್ನೊಂದು ತೊಂದರೆ ಮಣಿಕಟ್ಟಿನದು. ಮೆತ್ತನೆ ಫೋಮ್ ಮೇಲೆ ಭಾರ ಹಾಕಿದರೆ ಅಂಗೈಯ ಬುಡ ಒಳಗೆ ಇಳಿಯುತ್ತದೆ. ಮಣಿಕಟ್ಟು ಗಟ್ಟಿ ನೆಲಕ್ಕಿಂತ ಜಾಸ್ತಿ ಹಿಂದಕ್ಕೆ ಬಾಗುತ್ತದೆ. ಒಂದೆರಡು ಸಲಕ್ಕೆ ಏನೂ ಅನಿಸುವುದಿಲ್ಲ. ದಿನಕ್ಕೆ ಐವತ್ತು ಸಲ ಮಾಡಿದರೆ ರಾತ್ರಿ ಬಕೆಟ್ ಎತ್ತುವಾಗ ಗೊತ್ತಾಗುತ್ತದೆ.

ಮೂರನೇ ವಾರ ನಮ್ಮನ್ನು ಮಕಾಕುಗೆ ಹಾಕಿದರು. ಇಪ್ಪತ್ತು ಜನಕ್ಕೆ ಒಬ್ಬರೇ ತರಬೇತುದಾರರು. ಸೊಂಟ ಹಿಡಿಯಲು ಯಾರೂ ಇರಲಿಲ್ಲ. ನಾನು ಕೈಯನ್ನು ಹಿಮ್ಮಡಿಯ ಹತ್ತಿರ ಊರುವ ಬದಲು ದೂರ ಊರಿದೆ. ಸೊಂಟ ಮೇಲೇಳುವ ಮುಂಚೆಯೇ ತಲೆಯನ್ನು ಹಿಂದಕ್ಕೆ ಎಸೆದೆ. ಮೊಣಕೈ ಮಡಚಿತು, ಭುಜದ ಮೇಲೆ ಬಿದ್ದೆ, ಮಣಿಕಟ್ಟು ಉಳುಕಿತು. ಮ್ಯಾಟ್ ಇದ್ದದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಆದರೆ ಮ್ಯಾಟ್ ಇದೆ ಅನ್ನುವ ಧೈರ್ಯದಲ್ಲೇ ಅವರು ಅಷ್ಟು ಬೇಗ ಮಾಡಿಸಿದ್ದು, ನಾನೂ ಒಪ್ಪಿಕೊಂಡದ್ದು. ಮೂರು ವಾರ ಮನೆಯಲ್ಲಿ ಕೂತೆ.

ಆ ಬಿಡುವಿನಲ್ಲಿ ರೂಮಿನ ಟೈಲ್ಸ್ ಮೇಲೆ ಹಾಸಿಗೆ ಹಾಸಿ, ಮೊಬೈಲಿನ ವಿಡಿಯೋ ನೋಡಿ ಕಾಲಿನ ಅಭ್ಯಾಸ ಮಾಡಿದೆ. ಅದನ್ನು ಮಾಡಲೇಬೇಡಿ. ಹಾಸಿಗೆ ಜಾರುತ್ತದೆ.

ಕೈ ಸರಿಯಾದ ಮೇಲೆ ಕಡಲಿಗೆ ಹೋದೆ. ಪೋರ್ತು ದಾ ಬಾಹಾ ಕೊಲ್ಲಿಯ ಕಡೆಗೆ ಮುಖ ಮಾಡಿರುವ ತೀರ. ಅಲೆ ಕಡಿಮೆ. ಹಗಲಿಡೀ ಜನ. ಬೆಳಗ್ಗೆ ಬೇಗ ಹೋದರೆ ಮಾತ್ರ ಜಾಗ ಸಿಗುತ್ತದೆ. ಅಲ್ಲಿ ಪರಿಚಯವಾದ ಇಬ್ಬರ ಜೊತೆ ಆರು ವಾರ ಅಭ್ಯಾಸ ಮಾಡಿದೆ.

ಮರಳು ಅಂದರೆ ಒಂದೇ ಅಲ್ಲ. ಒಣ ಮರಳಿನಲ್ಲಿ ಕಾಲು ಒತ್ತಿದರೆ ನೆಲವೇ ಹಿಂದಕ್ಕೆ ಹೋಗುತ್ತದೆ, ಹಾರಲು ಬಲ ಸಿಗುವುದಿಲ್ಲ. ಮಕಾಕುನಲ್ಲಿ ಸೊಂಟ ಅರ್ಧಕ್ಕೇ ನಿಂತುಬಿಡುತ್ತದೆ. ಪಾದ ಹೂತಿರುವಾಗ ಮೈ ತಿರುಗಿದರೆ ತಿರುಚುವುದು ಮೊಣಕಾಲು. ನಮಗೆ ಬೇಕಾದ್ದು ಇಳಿತದ ಹೊತ್ತಿನಲ್ಲಿ ನೀರು ಸರಿದ ಮೇಲೆ ಉಳಿಯುವ ಒದ್ದೆ ಮರಳಿನ ಪಟ್ಟಿ. ಅದು ಗಟ್ಟಿ ಇರುತ್ತದೆ, ಬಿದ್ದರೆ ಸ್ವಲ್ಪ ಬಿಟ್ಟುಕೊಡುತ್ತದೆ. ಆ ಪಟ್ಟಿಯೂ ಕಡಲಿನ ಕಡೆ ಇಳಿಜಾರು. ಇಳಿಜಾರಿಗೆ ಅಡ್ಡಲಾಗಿ ಅಭ್ಯಾಸ ಮಾಡಬೇಕು, ಎರಡೂ ಕಡೆಗೆ ತಿರುಗಿ. ಶುರು ಮಾಡುವ ಮುಂಚೆ ಕೈಯಾಡಿಸಿ ಚಿಪ್ಪು, ಗಾಜಿನ ಚೂರು ಇದೆಯಾ ಅಂತ ನೋಡಬೇಕು.

ಅಲ್ಲಿ ಒಂದು ಒಳ್ಳೆ ಉಪಾಯ ಕಲಿತೆ. ಅಂಗೈಯ ಬುಡಕ್ಕೆ ಒಂದು ಹಿಡಿ ಒದ್ದೆ ಮರಳನ್ನು ಗುಡ್ಡೆ ಮಾಡಿ ಒತ್ತುವುದು. ಬೆರಳು ತಗ್ಗಿನಲ್ಲಿ, ಬುಡ ಎತ್ತರದಲ್ಲಿ. ಆಗ ಮಣಿಕಟ್ಟು ಬಾಗುವುದು ಕಡಿಮೆಯಾಗುತ್ತದೆ. ಉಳುಕಿ ವಾಸಿಯಾದ ಕೈಗೆ ಇದು ನಿಜಕ್ಕೂ ವರ. ಮ್ಯಾಟ್ ಕೊಟ್ಟ ನೋವನ್ನು ಮರಳು ಕಳೆಯಿತು ಅಂತ ಹೇಳಿದರೆ ತಪ್ಪಾಗುವುದಿಲ್ಲ.

ಮರಳಿನ ಇನ್ನೊಂದು ಗುಣ ಭಯ ಬಿಡಿಸುವುದು. ತಲೆಕೆಳಗಾದಾಗ ಮೈ ಗಾಬರಿ ಬೀಳುತ್ತದೆ. ಮರಳಿನಲ್ಲಿ ಹತ್ತು ಸಲ ಬಿದ್ದ ಮೇಲೆ ಆ ಗಾಬರಿ ಇಳಿಯುತ್ತದೆ. ಬನನೇರಾ, ಅಂದರೆ ಕೈಮೇಲೆ ನಿಲ್ಲುವುದು, ನನಗೆ ಬಂದದ್ದು ಅಲ್ಲೇ. ಆದರೆ ನೆಲದ ಚಲನೆ ಮಾತ್ರ ಮರಳಿನಲ್ಲಿ ಕಲಿಯಲು ಆಗುವುದಿಲ್ಲ. ಹೋಲೇ ಮಾಡುವಾಗ ಪಾದದ ಮುಂಭಾಗ ನೆಲದ ಮೇಲೆ ತಿರುಗಬೇಕು. ಮರಳಿನಲ್ಲಿ ಅದು ಉಳುತ್ತದೆ. ಎರಡು ಸುತ್ತು ಮುಗಿಯುವ ಹೊತ್ತಿಗೆ ಕಣ್ಣಲ್ಲಿ ಮರಳು. ಫಾರೊಲ್ ದಾ ಬಾಹಾ ದೀಪಸ್ತಂಭದ ಸುತ್ತಲಿನ ಹುಲ್ಲಿನ ಮೇಲೂ ನೋಡಿದೆ. ಮಳೆ ಬಂದರೆ ಜಾರುತ್ತದೆ, ಒಣಗಿದರೆ ಹೊಂಡ ಕಾಣುವುದಿಲ್ಲ. ಆ ಕಡೆ ಮತ್ತೆ ಹೋಗಲಿಲ್ಲ.

ಉಳಿದ ದಿನಗಳು ಹೆಚ್ಚಾಗಿ ಮರದ ನೆಲದ ಮೇಲೆ ಕಳೆದವು. ಅದು ಕಪೊಯೇರಾ ಅಂಗೋಲಾ, ಅಂದರೆ ಕಪೊಯೇರಾದ ಸಾಂಪ್ರದಾಯಿಕ ಶೈಲಿ, ಕಲಿಸುವ ಮನೆ. ಮೆಸ್ತ್ರಿ ಪಾಸ್ತಿನ್ಯಾ 1941ರಲ್ಲಿ ಸಾಲ್ವಡೋರ್‌ನಲ್ಲಿ ಅಂಗೋಲಾ ಶಾಲೆಗೆ ಒಂದು ರೂಪ ಕೊಟ್ಟರು. ಆ ದಾರಿಯವರು ಈಗಲೂ ಷರ್ಟ್ ಒಳಗೆ ಸೇರಿಸಿ, ಶೂ ಹಾಕಿ ಆಡುತ್ತಾರೆ. ಆಟ ನಿಧಾನ, ನೆಲಕ್ಕೆ ಹತ್ತಿರ. ಬೆರಿಂಬಾವ್ ಎಂಬ ಒಂದೇ ತಂತಿಯ ವಾದ್ಯ ಎಷ್ಟು ನಿಧಾನ ನುಡಿಯುತ್ತದೋ ಅಷ್ಟೇ ನಿಧಾನ ಮೈ ಹೋಗಬೇಕು. ಮೊದಲ ತಿಂಗಳು ಒಂದೂ ಲಾಗ ಹಾಕಿಸಲಿಲ್ಲ. ಕೂರುವುದು, ಒರಗುವುದು, ಸುತ್ತುವುದು, ಏಳುವುದು. ಇಷ್ಟೇ.

ಕೂರುವುದಕ್ಕೆ ಅಲ್ಲಿ ‘ಕೊಕೊರಿನ್ಯ’ ಅನ್ನುತ್ತಾರೆ. ನಮ್ಮ ಕುಕ್ಕರುಗಾಲು! ಪದದ ಸದ್ದೂ ಹತ್ತಿರ, ಭಂಗಿಯೂ ಅದೇ. ಕುರ್ಚಿಯಲ್ಲೇ ಬೆಳೆದ ಯೂರೋಪಿನ ಗೆಳೆಯರಿಗೆ ಹಿಮ್ಮಡಿ ನೆಲಕ್ಕೆ ತಾಗಲು ವಾರಗಟ್ಟಲೆ ಬೇಕಾಯಿತು. ನನಗೆ ಮೊದಲ ದಿನವೇ ಬಂತು. ಊರ ಮನೆಯ ಬಾವಿಕಟ್ಟೆಯ ಹತ್ತಿರ ಕೂತು ಪಾತ್ರೆ ತಿಕ್ಕಿದ್ದು, ಅಡಿಕೆ ಹೆಕ್ಕಿದ್ದು ಎಲ್ಲ ಇಲ್ಲಿ ಉಪಯೋಗಕ್ಕೆ ಬಂತು.

ಕಷ್ಟವಾದದ್ದು ನೆಗಚೀವಾ. ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ, ಒಂದು ಕೈ ಊರಿ, ಮೈಯನ್ನು ನೆಲದ ಹತ್ತಿರಕ್ಕೆ ಇಳಿಸುವುದು. ಇನ್ನೊಂದು ಕೈ ಮುಖದ ಮುಂದೆ. ಭಾರ ಊರಿದ ಕೈ ಮತ್ತು ಮಡಚಿದ ಕಾಲಿನ ಪಾದದ ನಡುವೆ ಹಂಚಿಹೋಗಬೇಕು. ಸೊಂಟ ಬಿಗಿಯಾಗಿದ್ದರೆ ಆ ತಿರುವೆಲ್ಲ ಮೊಣಕಾಲಿಗೆ ಬರುತ್ತದೆ. ಮ್ಯಾಟ್ ಮೇಲೆ ಇದು ನನಗೆ ತಿಳಿದೇ ಇರಲಿಲ್ಲ. ಅಲ್ಲಿ ಧೊಪ್ಪೆಂದು ಕೂತರೂ ನೋವಿಲ್ಲ. ಮರದ ಮೇಲೆ ಧೊಪ್ಪೆಂದರೆ ಸದ್ದು ಕೇಳುತ್ತದೆ, ಮೂಳೆಗೂ ಗೊತ್ತಾಗುತ್ತದೆ. ಮೆಸ್ತ್ರಿ ಬೆನ್ನು ತಿರುಗಿಸಿ ನಿಂತು ನಮ್ಮ ಸದ್ದನ್ನೇ ಕೇಳುತ್ತಿದ್ದರು. ಸದ್ದಾದರೆ ಮತ್ತೆ ಮೊದಲಿನಿಂದ. ಸದ್ದಿಲ್ಲದೆ ಇಳಿಯಲು ಕಲಿತ ದಿನ ಮೊಣಕಾಲಿನ ನೋವು ನಿಂತಿತು.

ಅಲ್ಲಿಯ ಇನ್ನೊಂದು ನಿಯಮ: ನೆಲಕ್ಕೆ ತಾಗುವುದು ಕೈ, ಪಾದ, ತಲೆ ಮಾತ್ರ. ಮಂಡಿ ತಾಗಬಾರದು. ನಾನು ಚಿಕ್ಕವನಿದ್ದಾಗ ಯಕ್ಷಗಾನದಲ್ಲಿ ಮಂಡಿ ಹಾಕಿ ಸುತ್ತುವುದನ್ನು ನೋಡಿ ಬೆಳೆದವನು. ಮೈ ಕೆಳಗಿಳಿದ ಕೂಡಲೇ ಮಂಡಿ ಊರುವುದು ನನಗೆ ತಾನಾಗಿಯೇ ಬರುತ್ತಿತ್ತು. ಅದನ್ನು ಬಿಡಲು ತುಂಬ ಗಮನ ಬೇಕಾಯಿತು.

ಎರಡನೇ ತಿಂಗಳು ಕೇಡಾ ಜಿ ಹಿಂಸ್. ಮೊಣಕೈಯನ್ನು ಸೊಂಟದ ಮೇಲ್ಭಾಗದ ಪಕ್ಕೆಗೆ ಒತ್ತಿ, ಇಡೀ ಮೈಯನ್ನು ಅದರ ಮೇಲೆ ತೂಗುವುದು. ತಲೆಯ ಬದಿ ನೆಲಕ್ಕೆ ತಾಗುತ್ತದೆ, ಆದರೆ ಭಾರವೆಲ್ಲ ಕೈ ಮೇಲೆ. ಮ್ಯಾಟ್ ಮೇಲೆ ನಾನು ಗೊತ್ತಿಲ್ಲದೆಯೇ ಕುತ್ತಿಗೆ ಮೇಲೆ ಭಾರ ಹಾಕುತ್ತಿದ್ದೆ. ಮರದ ಮೇಲೆ ಹಾಗೆ ಮಾಡಿದರೆ ತಲೆ ಕೂಡಲೇ ನೋಯುತ್ತದೆ, ಕೈ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಈ ಚಲನೆ ಬಂದ ಮೇಲೆ ಅಊ ತಪ್ಪಿದಾಗ ಬೀಳುವುದಕ್ಕೆ ಒಂದು ದಾರಿ ಸಿಕ್ಕಿತು. ಕೈ ಸೋತರೆ ಮೊಣಕೈ ಪಕ್ಕೆಗೆ ಬರುತ್ತದೆ, ಮೈ ಮಡಚಿಕೊಂಡು ಮೆಲ್ಲಗೆ ನೆಲ ಸೇರುತ್ತದೆ. ಮರದ ನೆಲವನ್ನು ನಾನು ಮೇಲೆ ಇಡಲು ಮುಖ್ಯ ಕಾರಣ ಇದೇ. ಮ್ಯಾಟ್ ಬಿದ್ದ ಮೇಲೆ ಕಾಯುತ್ತದೆ. ನೆಲದ ಚಲನೆ ಬೀಳುವಾಗಲೇ ಕಾಯುತ್ತದೆ, ಅದನ್ನು ಯಾವ ಕಲ್ಲುಹಾಸಿಗೂ ಹೊತ್ತುಕೊಂಡು ಹೋಗಬಹುದು.

ಮರದ ನೆಲಕ್ಕೂ ಕೆಟ್ಟ ಗುಣ ಇದೆ. ಸಾಲ್ವಡೋರ್‌ನ ಸೆಕೆ ನಮ್ಮ ಕರಾವಳಿಯ ಸೆಕೆಯೇ. ಬೆವರು ಬಿದ್ದ ಮರದ ಮೇಲೆ ಅಂಗೈ ಜಾರುತ್ತದೆ. ಪಕ್ಕದಲ್ಲಿ ಬಟ್ಟೆ ಇರಲೇಬೇಕು, ಐದು ನಿಮಿಷಕ್ಕೊಮ್ಮೆ ಒರೆಸಬೇಕು. ಶೂ ಅಡಿ ರಬ್ಬರ್ ತೀರಾ ಹಿಡಿಯುವಂಥದ್ದಾದರೆ ಪಾದ ನಿಂತು ಮೊಣಕಾಲು ತಿರುಗುತ್ತದೆ. ಸವೆದ, ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಒಳ್ಳೆಯದು. ಮಣಿಕಟ್ಟನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಬೇಕು. ನಾಲ್ಕು ಕಾಲಲ್ಲಿ ನಿಂತು ಮುಂದೆ ಹಿಂದೆ ತೂಗುವುದು, ಬೆರಳು ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ. ಐದು ನಿಮಿಷ ಸಾಕು. ಕೈ ಊರುವಾಗ ಬೆರಳುಗಳಿಂದ ನೆಲವನ್ನು ಹಿಡಿಯಬೇಕು, ಸುಮ್ನೆ ಅಂಗೈ ಬಡಿಯಬಾರದು.

ಹಾಗಾದರೆ ಮಕಾಕು? ಇಲ್ಲಿ ಮರದ ನೆಲ ಸೋಲುತ್ತದೆ. ಹಿಂದಕ್ಕೆ ಹೋಗುವ ಚಲನೆಯಲ್ಲಿ ಮೊದಲ ತಪ್ಪಿಗೇ ತಲೆ ಬಡಿಯಬಹುದು. ಆ ಊರಿಗೆ ಬಂದ ಐದನೇ ತಿಂಗಳ ಕೊನೆಗೆ ನಾನು ಮತ್ತೆ ಮ್ಯಾಟ್ ಹುಡುಕಿಕೊಂಡು ಹೋದೆ, ಬೇರೆ ಹಾಲಿಗೆ. ಗಟ್ಟಿ ಮ್ಯಾಟ್ ಕೇಳಿ ತೆಗೆದುಕೊಂಡೆ. ಒಬ್ಬ ಗೆಳತಿ ಸೊಂಟದ ಕೆಳಗೆ ಒಂದು ಕೈ, ತೊಡೆಯ ಹಿಂದೆ ಒಂದು ಕೈ ಕೊಟ್ಟಳು. ಮೊದಲು ಸೇತುವೆಯ ಹಾಗೆ ಬೆನ್ನು ಬಾಗಿಸಿ ನಿಂತು ಪಕ್ಕಕ್ಕೆ ಮಗುಚುವುದು. ಆಮೇಲೆ ಕುಕ್ಕರುಗಾಲಿನಿಂದ ಸೊಂಟವನ್ನು ಮಾತ್ರ ಮೇಲೆ ನೂಕಿ ಮತ್ತೆ ಕೂರುವುದು. ಅದು ಇನ್ನೂರು ಸಲ ಆದ ಮೇಲಷ್ಟೇ ಪೂರ್ತಿ ದಾಟಿದ್ದು. ನೆಲದಲ್ಲಿ ಕಳೆದ ತಿಂಗಳುಗಳಿಂದ ಕೈ ಎಲ್ಲಿ ಊರಬೇಕು ಅಂತ ಮೈಗೇ ತಿಳಿದಿತ್ತು. ಎರಡು ವಾರ ಮ್ಯಾಟ್, ಮೂರು ವಾರ ಒದ್ದೆ ಮರಳು, ಆಮೇಲೆ ಮರ.

ಈಗ ಊರಿಗೆ ಬಂದಿದ್ದೇನೆ. ಮಲ್ಪೆಯಲ್ಲಿ ಇಳಿತದ ಹೊತ್ತು ನೋಡಿಕೊಂಡು ವಾರಕ್ಕೆ ಎರಡು ಬೆಳಗ್ಗೆ ಒದ್ದೆ ಮರಳಿನ ಪಟ್ಟಿಗೆ ಹೋಗುತ್ತೇನೆ, ಅಊ ಮತ್ತು ಮಕಾಕುಗೆ. ಉಳಿದ ದಿನ ಮನೆಯ ಚಾವಡಿಯ ಒರಟು ಸಿಮೆಂಟ್ ನೆಲದ ಮೇಲೆ ನೆಗಚೀವಾ, ಹೋಲೇ, ಕೇಡಾ ಜಿ ಹಿಂಸ್, ಅರ್ಧ ಗಂಟೆ. ಒಳಗೆ ಅಮ್ಮ ಇರುತ್ತಾಳೆ. ಧೊಪ್ಪೆಂದು ಸದ್ದಾದರೆ ಏನಾಯಿತು ಅಂತ ಕೇಳುತ್ತಾಳೆ. ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.